ವನ್ಯಜೀವಿ ವೈದ್ಯರಿಗೆ ಒಳ್ಳೆಯ ಸಂಬಳ, ಗಟ್ಟಿ ಕೆಲಸ ಎಲ್ಲಿ ಸಿಗುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬೀದರಿನಲ್ಲಿ ಬಿ.ವಿ.ಎಸ್ಸಿ (ಪಶುವೈದ್ಯ ಪದವಿ) ಇಂಟರ್ನ್‌ಶಿಪ್ ಮುಗಿಯುತ್ತಾ ಬಂದಿದೆ. ಕಾಡುಪ್ರಾಣಿಗಳ ವೈದ್ಯರಾಗಬೇಕೆಂಬ ಆಸೆ ಇದೆ. ಅಕ್ಕ ಪಿಂಪ್ರಿಯಲ್ಲಿದ್ದಾರೆ. ಪುಣೆ, ಮುಂಬೈಗೆ ಬಂದರೆ ಬದುಕು ನಡೆಯುವಷ್ಟು ಸಂಬಳ ಸಿಗುತ್ತದೆಯೇ, ಇಲ್ಲ ಬೇರೆ ಕಡೆ ನೋಡಬೇಕೇ ಅಂತ ಕೇಳಿದ್ದೀರಿ. ನಾನು ಹಾವೇರಿ ಕಡೆಯವನು, ಪಶುವೈದ್ಯ. ಪುಣೆಗೆ ಬಂದು ಬಹಳ ವರ್ಷಗಳಾದವು. ಮೊದಲು ಪ್ರಾಣಿ ರಕ್ಷಣೆಯ ಕೆಲಸದಲ್ಲಿದ್ದೆ, ಈಗ ರೋಗ ಪತ್ತೆಯ ಕೆಲಸದಲ್ಲಿದ್ದೇನೆ.

ಪುಣೆಯಲ್ಲಿ ಅವಕಾಶ ಖಂಡಿತ ಇದೆ. ಆದರೆ ಸಂಬಳ ನಿಂತಿರುವುದು ಊರಿನ ಮೇಲಲ್ಲ, ನಿಮ್ಮ ಕೈಯಲ್ಲಿರುವ ವಿದ್ಯೆಯ ಮೇಲೆ. ಚಿರತೆಗೆ ಅರಿವಳಿಕೆ ಮದ್ದಿನ ಡಾರ್ಟ್ ಹೊಡೆದು ಹಿಡಿಯಬಲ್ಲವರು ಈಗ ಸಾಕಷ್ಟಿದ್ದಾರೆ. ಅದು ಯಾಕೆ ಸತ್ತಿತು, ಆ ರೋಗ ಊರಿನ ದನಕ್ಕೋ ಮನುಷ್ಯರಿಗೋ ದಾಟುತ್ತದೆಯೇ ಎಂದು ಹೇಳಬಲ್ಲವರು ಕಡಿಮೆ. ಕಾಯಂ ಕೆಲಸವೂ ಹಣವೂ ಆ ಎರಡನೆಯವರ ಕಡೆಗೇ ಹೋಗುತ್ತಿವೆ.

ನಮ್ಮವರಿಗೆ ಬೇಗ ಹೊಳೆಯುವ ಉದಾಹರಣೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳ ಜನ ಜ್ವರ ಬಂದು ಮಲಗಿದರು. ಆ ವೈರಸ್ಸನ್ನು ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. 1952ರಲ್ಲಿ ಶುರುವಾದ ಅದೇ ಸಂಸ್ಥೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐವಿ. ಮಲೆನಾಡಿನ ರೋಗ ಎಂದುಕೊಂಡಿದ್ದದ್ದು 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನಲ್ಲಿ ಕಾಣಿಸಿತು. ಮರುವರ್ಷ ಮಹಾರಾಷ್ಟ್ರದ ದೋಡಾಮಾರ್ಗದಲ್ಲಿ. ಗೇರುತೋಟಕ್ಕೆ ಹೋಗುವವರಿಗೆ ಉಣ್ಣೆ ಕಚ್ಚಿ ರೋಗ ಬಂತು. ಇಂಥ ಕಡೆ ಸತ್ತ ಮಂಗ ಕಂಡ ಕೂಡಲೇ ಅದನ್ನು ಸುರಕ್ಷಿತವಾಗಿ ಪೋಸ್ಟ್‌ಮಾರ್ಟಂ ಮಾಡಿ, ಸರಿಯಾದ ಮಾದರಿ ತೆಗೆದು, ಸುತ್ತಲಿನ ಉಣ್ಣೆ ಹಿಡಿದು ಲ್ಯಾಬಿಗೆ ಕಳಿಸಬೇಕು. ಅದು ಪಶುವೈದ್ಯರ ಕೆಲಸ. ಆ ಒಂದು ಮಂಗದ ಸಾವಿನಿಂದ ಒಂದು ಹಳ್ಳಿಗೆ ಮೊದಲೇ ಎಚ್ಚರಿಕೆ ಹೋಗುತ್ತದೆ.

2018ರಲ್ಲಿ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ನಾಯಿಗಳ ಡಿಸ್ಟೆಂಪರ್ ವೈರಸ್ ಇದೆ ಎಂದು ಖಚಿತಪಡಿಸಿದ್ದೂ ಎನ್‌ಐವಿಯೇ. ಮಹಾಬಲೇಶ್ವರದ ಗುಹೆಯ ಬಾವಲಿಗಳಲ್ಲಿ ನಿಪಾ ವೈರಸ್ಸಿನ ಗುರುತು ಕಂಡದ್ದೂ ಇವರಿಗೇ. 2024ರ ಡಿಸೆಂಬರ್‌ನಲ್ಲಿ ನಾಗಪುರದ ಗೋರೆವಾಡಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಹಕ್ಕಿಜ್ವರದಿಂದ ಸತ್ತವು. ಅದನ್ನು ಭೋಪಾಲದ ಲ್ಯಾಬ್ ಪತ್ತೆ ಮಾಡಿತು. ಇಂಥದ್ದೆಲ್ಲ ನಡೆದ ಮೇಲೆ ಮನುಷ್ಯರ ಆರೋಗ್ಯ, ಪ್ರಾಣಿಗಳ ಆರೋಗ್ಯ ಎಂದು ಬೇರೆ ಬೇರೆ ನೋಡುವುದು ಸಾಧ್ಯವಿಲ್ಲ ಎಂದು ಸರ್ಕಾರಕ್ಕೂ ಅರ್ಥವಾಗಿದೆ. ನಾಗಪುರದಲ್ಲಿ ರಾಷ್ಟ್ರೀಯ ಒನ್ ಹೆಲ್ತ್ ಸಂಸ್ಥೆಗೆ 2022ರಲ್ಲೇ ಅಡಿಗಲ್ಲು ಬಿದ್ದಿದೆ. ಮುಂದಿನ ಹತ್ತು ವರ್ಷ ಕೆಲಸ ಬೆಳೆಯುವುದು ಈ ದಿಕ್ಕಿನಲ್ಲೇ ಎಂಬುದು ನನ್ನ ನಂಬಿಕೆ.

ಇನ್ನು ಹಣದ ಮಾತು. ಎಂ.ವಿ.ಎಸ್ಸಿ (ಪಶುವೈದ್ಯ ಸ್ನಾತಕೋತ್ತರ ಪದವಿ) ಮುಗಿಸಿ ಸಂಶೋಧನಾ ಯೋಜನೆಗೆ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರಾಗಿ ಸೇರಿದರೆ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಎರಡು ವರ್ಷದ ನಂತರ 42,000. ಎನ್‌ಐವಿಯನ್ನು ನಡೆಸುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನಲ್ಲಿ ಕಾಯಂ ಸೈಂಟಿಸ್ಟ್-ಬಿ ಹುದ್ದೆ ಸಿಕ್ಕರೆ ಮೂಲ ವೇತನವೇ 56,100ರಿಂದ ಶುರು. ಅದರ ಮೇಲೆ ತುಟ್ಟಿಭತ್ಯೆ, ಬಾಡಿಗೆ ಭತ್ಯೆ ಎಲ್ಲ ಸೇರುತ್ತವೆ. ಪಶುವೈದ್ಯ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆದರೆ 57,700ರಿಂದ. ಕಾಯಂ ಹುದ್ದೆಗಳು ಕಡಿಮೆ, ಸ್ಪರ್ಧೆ ಜಾಸ್ತಿ, ಅದೂ ನಿಜ.

ರಕ್ಷಣಾ ಕೇಂದ್ರಗಳ ಚಿತ್ರ ಬೇರೆ. ಪುಣೆ ಜಿಲ್ಲೆಯ ಜುನ್ನರ್ ಕಡೆ ಕಬ್ಬಿನ ಗದ್ದೆಯಲ್ಲೇ ಚಿರತೆ ಮರಿ ಹಾಕುತ್ತದೆ. ಕಟಾವು ಶುರುವಾದರೆ ಮರಿ ಸಿಕ್ಕಿತು ಎಂದು ಫೋನ್ ಬರುತ್ತಲೇ ಇರುತ್ತದೆ. ಮರಿಯನ್ನು ಪರೀಕ್ಷೆ ಮಾಡಿ, ಮೈಕ್ರೋಚಿಪ್ ಹಾಕಿ, ರಾತ್ರಿ ಅದೇ ಗದ್ದೆಯಲ್ಲಿಟ್ಟು, ತಾಯಿ ಬಂದು ಎತ್ತಿಕೊಂಡು ಹೋಗುವವರೆಗೆ ಕ್ಯಾಮೆರಾದಲ್ಲಿ ಕಾಯುತ್ತಾರೆ. ಮಾಣಿಕ್‌ಡೋಹದ ಚಿರತೆ ಕೇಂದ್ರವನ್ನು ಅರಣ್ಯ ಇಲಾಖೆಯ ಜೊತೆ ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸ್ವಯಂಸೇವಾ ಸಂಸ್ಥೆ ನಡೆಸುತ್ತದೆ. ಪುಣೆ ನಗರದ ಸುತ್ತ ರೆಸ್ಕ್ಯೂ ಟ್ರಸ್ಟ್ ಇದೆ. ಇಲ್ಲಿ ಕಲಿಯುವಷ್ಟು ಕೈಕೆಲಸ ಬೇರೆಲ್ಲೂ ಸಿಗುವುದಿಲ್ಲ. ಅರಿವಳಿಕೆಯಲ್ಲಿರುವ ಚಿರತೆಯ ಉಸಿರು, ಮೈಬಿಸಿ ನೋಡುವುದನ್ನು ಪುಸ್ತಕ ಕಲಿಸುವುದಿಲ್ಲ, ಅಲ್ವಾ. ಆದರೆ ಸ್ವಯಂಸೇವಾ ಸಂಸ್ಥೆಗಳಲ್ಲಿ ಶುರುವಿನ ಸಂಬಳ, ನಾನು ಕಂಡ ಮಟ್ಟಿಗೆ, ಜೆಆರ್‌ಎಫ್‌ಗಿಂತ ಕಡಿಮೆ ಇರುವುದೇ ಹೆಚ್ಚು. ಒಂದೆರಡು ವರ್ಷ ಮನಸ್ಸಿಟ್ಟು ಮಾಡಿ. ಮನೆ, ಮದುವೆ, ತಂದೆ-ತಾಯಿಯ ಔಷಧಿ ಎಲ್ಲವನ್ನೂ ಅದರ ಮೇಲೇ ಕಟ್ಟಲು ಹೋಗಬೇಡಿ. ತುಂಬ ಒಳ್ಳೆಯ ಕೈಗಳು ಇದೇ ಕಾರಣಕ್ಕೆ ಕೆಲಸ ಬಿಟ್ಟು ಹೋದದ್ದನ್ನು ನೋಡಿ ನನಗೆ ಇವತ್ತಿಗೂ ಬೇಸರವಿದೆ.

ಸರ್ಕಾರಿ ದಾರಿ ಹೆಚ್ಚಿನವರಿಗೆ ಸುರಕ್ಷಿತ. ಮಹಾರಾಷ್ಟ್ರದಲ್ಲಿ ಎಂಪಿಎಸ್‌ಸಿ ಮೂಲಕ ಪಶುಧನ ವಿಕಾಸ ಅಧಿಕಾರಿ, ಗ್ರೂಪ್ ಎ. ಮೂಲ ವೇತನ ಇಲ್ಲೂ 56,100ರಿಂದಲೇ. ಮರಾಠಿ ಓದಲು, ಬರೆಯಲು, ಮಾತಾಡಲು ಬರಬೇಕು. ಬೀದರಿನವರಿಗೆ ಅದು ಕಷ್ಟವಾಗಲಾರದು. ಕರ್ನಾಟಕದಲ್ಲಿ ಕೆಪಿಎಸ್‌ಸಿ ಇದೆ. ಎರಡೂ ಕಡೆ ಒಂದು ತೊಡಕು. ನೀವು ಸೇರುವುದು ಪಶುಸಂಗೋಪನಾ ಇಲಾಖೆಗೆ, ಅರಣ್ಯ ಇಲಾಖೆಗೆ ಹೋಗುವುದು ಡೆಪ್ಯುಟೇಶನ್ ಮೇಲೆ. ಹುಲಿ ಕಾಡಿನಲ್ಲಿ ನಾಲ್ಕೈದು ವರ್ಷ ಕಲಿತವರನ್ನು ಅವಧಿ ಮುಗಿಯಿತೆಂದು ವಾಪಸ್ ಕರೆದು ತಾಲ್ಲೂಕು ಆಸ್ಪತ್ರೆಯಲ್ಲಿ ಕೂರಿಸುತ್ತಾರೆ. ಅವರ ಜಾಗಕ್ಕೆ ಬಂದವರು ಮೊದಲಿನಿಂದ ಕಲಿಯಬೇಕು. ವನ್ಯಜೀವಿ ವೈದ್ಯರಿಗೇ ಪ್ರತ್ಯೇಕ ಕಾಯಂ ವೃಂದ ಬೇಕು ಎಂದು ನಾವೆಲ್ಲ ಕೇಳುತ್ತಲೇ ಇದ್ದೇವೆ. ಅದು ಬರುವವರೆಗೆ ಈ ದಾರಿಯಲ್ಲಿ ಸಂಬಳಕ್ಕೆ ಭರವಸೆ ಇದೆ, ಕಾಡಿಗೆ ಇಲ್ಲ.

ಮೃಗಾಲಯಗಳಲ್ಲಿ ಹುದ್ದೆ ಕೆಲವೇ, ಆದರೆ ದೊಡ್ಡ ಮೃಗಾಲಯಗಳಲ್ಲಿ ಪೂರ್ಣಾವಧಿ ವೈದ್ಯರು ಇರಬೇಕೆಂಬ ನಿಯಮವಿದೆ. ಮುಂಬೈಯಲ್ಲಿ ಭಾಯಖಳದ ರಾಣಿಬಾಗ್ ಮಹಾನಗರಪಾಲಿಕೆಯದ್ದು, ಪುಣೆಯ ಕಾತ್ರಜ್ ಪುಣೆ ಪಾಲಿಕೆಯದ್ದು. ಬೋರಿವಲಿಯ ಸಂಜಯ್ ಗಾಂಧಿ ಉದ್ಯಾನ ಅರಣ್ಯ ಇಲಾಖೆಯದ್ದು. ಗೋವಾದಲ್ಲಿ ಬೊಂಡ್ಲಾ ಒಂದೇ ಹೇಳಿಕೊಳ್ಳುವಂಥದ್ದು. ಸಣ್ಣ ರಾಜ್ಯ, ಜಾಗ ಖಾಲಿಯಾಗುವುದೇ ಅಪರೂಪ. ಗೋವಾ ನಂಬಿಕೊಂಡು ಕೂರಬೇಡಿ. ಮೈಸೂರು, ಬನ್ನೇರುಘಟ್ಟ ನಿಮಗೆ ಗೊತ್ತೇ ಇವೆ.

ಜಾಮ್‌ನಗರದ ವಂತಾರಾ ಬಗ್ಗೆ ಎಲ್ಲ ಹುಡುಗರೂ ಕೇಳುತ್ತಾರೆ. ಖಾಸಗಿ ಪ್ರಾಣಿ ರಕ್ಷಣಾ ಕೇಂದ್ರ, 2025ರ ಮಾರ್ಚ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ಎಂಆರ್‌ಐ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಇದೆ. ಪ್ರಾಣಿಗಳನ್ನು ತಂದ ರೀತಿಯ ಬಗ್ಗೆ ದೂರು ಬಂದು, ಸುಪ್ರೀಂ ಕೋರ್ಟ್ ನೇಮಿಸಿದ ತನಿಖಾ ತಂಡ ಅದೇ ವರ್ಷ ತಪ್ಪಿಲ್ಲ ಎಂದು ವರದಿ ಕೊಟ್ಟಿತು. ಆನೆ, ಸಿಂಹ, ಹಕ್ಕಿ, ಸರೀಸೃಪ ಎಲ್ಲವನ್ನೂ ಒಂದೇ ಜಾಗದಲ್ಲಿ ನೋಡುವ ಅವಕಾಶ ಕಲಿಯುವವರಿಗೆ ದೊಡ್ಡದು. ಆದರೆ ಅದು ಕಾಡಲ್ಲ, ಮತ್ತು ಅಂಥ ಕೆಲಸ ಕೊಡುವ ಮಾಲೀಕ ಒಬ್ಬನೇ. ಬಿಟ್ಟ ಮೇಲೆ ಅಷ್ಟೇ ಸಂಬಳದ ಇನ್ನೊಂದು ಜಾಗ ದೇಶದಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದನ್ನು ಯೋಚಿಸಿಯೇ ಹೋಗಿ.

ಬರೀ ಕೈಗೆ ಬರುವ ಹಣ ನೋಡುವುದಾದರೆ ಕೊಲ್ಲಿ ದೇಶಗಳು. ಅಬುಧಾಬಿಯಲ್ಲಿ 1999ರಲ್ಲಿ ಡೇಗೆಗಳಿಗೆ (ಫಾಲ್ಕನ್ ಹಕ್ಕಿಗಳಿಗೆ) ಅಂತಲೇ ಶುರುವಾದ ದೊಡ್ಡ ಆಸ್ಪತ್ರೆ ಇದೆ. ಯುಎಇಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಹಕ್ಕಿಗಳ ಎಂಡೋಸ್ಕೋಪಿ, ಅರಿವಳಿಕೆ ಕಲಿತವರಿಗೆ ಅಲ್ಲಿ ಬೆಲೆಯಿದೆ. ಅಮೆರಿಕದಲ್ಲಿ 2023ರ ಸರ್ಕಾರಿ ಲೆಕ್ಕದಂತೆ ಪಶುವೈದ್ಯರ ಮಧ್ಯಮ ವಾರ್ಷಿಕ ಸಂಬಳ 1,19,100 ಡಾಲರ್. ಕೇಳಲು ಚೆಂದ. ಆದರೆ ನಮ್ಮ ಪದವಿಯವರು ವಿದೇಶಿ ಪದವಿಯವರ ಅರ್ಹತೆ ನೋಡುವ ಇಸಿಎಫ್‌ವಿಜಿ ಅಥವಾ ಪೇವ್ ಮುಗಿಸಬೇಕು, ಲೈಸೆನ್ಸಿಗೆ ಬೇಕಾದ ನಾವ್‌ಲೆ ಪರೀಕ್ಷೆಯನ್ನೂ ಪಾಸಾಗಬೇಕು. ಅದಕ್ಕೆ ವರ್ಷಗಳೂ ಲಕ್ಷಗಳೂ ಬೇಕು. ಆ ಸಂಬಳದ ಬಹುಪಾಲು ಜನ ನಾಯಿ-ಬೆಕ್ಕು ನೋಡುವವರು. ಅಲ್ಲೂ ಕಾಡುಪ್ರಾಣಿಗಳ ವೈದ್ಯರ ಜಾಗ ಕಡಿಮೆ, ಸಂಬಳವೂ ನಾಯಿ-ಬೆಕ್ಕಿನವರಿಗಿಂತ ಕಡಿಮೆ.

ಮುಂಬೈಯಲ್ಲಿ ಗಟ್ಟಿಯಾಗಿ ದುಡಿಯುತ್ತಿರುವ ಕೆಲವರು ಹಿಡಿದ ದಾರಿ ಇನ್ನೊಂದು. ವಿದೇಶಿ ಗಿಳಿ, ಮೊಲ, ಇಗುವಾನಾ ನೋಡುವ ಕ್ಲಿನಿಕ್, ಅದರ ಜೊತೆ ರಕ್ಷಣಾ ಸಂಸ್ಥೆಗಳಿಗೆ ಸಲಹೆ. ನಮ್ಮ ದೇಶದ ಗಿಳಿ, ನಕ್ಷತ್ರ ಆಮೆ ಸಾಕುವುದು ಅಪರಾಧ. ವಿದೇಶಿ ತಳಿಗಳಿಗೂ 2024ರಿಂದ ಹೊಸ ನೋಂದಣಿ ನಿಯಮಗಳು ಬಂದಿವೆ. ಕಾನೂನು ಚೆನ್ನಾಗಿ ಓದಿಕೊಂಡು ಇಳಿಯಿರಿ.

ಹಾಗಾದರೆ ನೀವು ಏನು ಮಾಡಬೇಕು? ನನ್ನ ತಮ್ಮನಾಗಿದ್ದರೆ ಇದನ್ನೇ ಹೇಳುತ್ತಿದ್ದೆ. ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಪಿಜಿ ಪ್ರವೇಶ ಪರೀಕ್ಷೆ ಬರೆಯಿರಿ. ಬರೇಲಿಯ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಗೆ (ಐವಿಆರ್‌ಐ) ಪ್ರಯತ್ನಿಸಿ. ಅಲ್ಲೂ ಮದ್ರಾಸ್ ಪಶುವೈದ್ಯ ಕಾಲೇಜಿನಲ್ಲೂ ವನ್ಯಜೀವಿ ವಿಷಯದಲ್ಲೇ ಸ್ನಾತಕೋತ್ತರ ಪದವಿ ಇದೆ. ಆದರೂ ಪ್ಯಾಥಾಲಜಿ (ರೋಗದ ಕಾರಣ ಪತ್ತೆ ಮಾಡುವ ಶಾಸ್ತ್ರ) ಅಥವಾ ಸೋಂಕುರೋಗಗಳ ವಿಷಯ ತೆಗೆದುಕೊಂಡು, ಪ್ರಬಂಧಕ್ಕೆ ಕಾಡುಪ್ರಾಣಿಯ ರೋಗವನ್ನು ಆರಿಸುವುದು ಮೇಲು. ಪ್ಯಾಥಾಲಜಿ ಬಲ್ಲವರಿಗೆ ಐಸಿಎಂಆರ್, ವಿಶ್ವವಿದ್ಯಾಲಯ, ಪಶುಸಂಗೋಪನಾ ಇಲಾಖೆ, ಔಷಧ ಕಂಪನಿಗಳ ಪರೀಕ್ಷಾಲಯ, ಎಲ್ಲ ಬಾಗಿಲೂ ತೆರೆದಿರುತ್ತವೆ. ಬರೀ ವನ್ಯಜೀವಿ ಎಂದಿದ್ದರೆ ಬಾಗಿಲು ಎರಡೋ ಮೂರೋ. ರಣಹದ್ದುಗಳನ್ನು ನೆನೆಯಿರಿ. ಡೈಕ್ಲೋಫಿನ್ಯಾಕ್ ಕೊಟ್ಟ ದನದ ಹೆಣ ತಿಂದು ಅವುಗಳ ಮೂತ್ರಪಿಂಡ ಹಾಳಾಗುತ್ತಿದೆ ಎಂದು ಗೊತ್ತಾದದ್ದು ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದವರಿಂದ. 2006ರಲ್ಲಿ ಪಶುಗಳಿಗೆ ಆ ಔಷಧ ನಿಷೇಧವಾಯಿತು. ಕಾಡು ಉಳಿಸುವ ಕೆಲಸ ಲ್ಯಾಬಿನ ಮೇಜಿನ ಮೇಲೂ ನಡೆಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೊನೆಗೆ, ಎಲ್ಲಿಗೆ ಸೇರಿದರೂ ಸಂಬಳದ ಜೊತೆ ವಿಮೆ ಕೇಳಿ. 2023ರ ಆಗಸ್ಟ್‌ನಲ್ಲಿ ಹಾಸನದ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಕಾಡಾನೆಗೆ ಡಾರ್ಟ್ ಹೊಡೆಯಲು ಹೋದ, ‘ಆನೆ ವೆಂಕಟೇಶ್’ ಎಂದೇ ಹೆಸರಾಗಿದ್ದ ಡಾರ್ಟ್ ತಜ್ಞ ವೆಂಕಟೇಶ್ ಅದೇ ಆನೆಯ ದಾಳಿಗೆ ಬಲಿಯಾದರು. ಎಷ್ಟೋ ವರ್ಷಗಳ ಅನುಭವ ಇದ್ದವರು ಅವರು. ಗುತ್ತಿಗೆ ಕೆಲಸದಲ್ಲಿ ಅಪಘಾತ ವಿಮೆಯನ್ನು ಯಾರೂ ತಾವಾಗಿ ಎತ್ತುವುದಿಲ್ಲ. ನೇಮಕಪತ್ರದಲ್ಲಿ ಬರೆಸಿಕೊಳ್ಳಿ. ರೇಬೀಸ್ ಮುನ್ನೆಚ್ಚರಿಕೆ ಲಸಿಕೆ ಇಂಟರ್ನ್‌ಶಿಪ್ಪಿನಲ್ಲೇ ಆಗಿರದಿದ್ದರೆ ಈ ತಿಂಗಳೇ ಹಾಕಿಸಿಕೊಳ್ಳಿ. ಪಿಂಪ್ರಿಗೆ ಅಕ್ಕನ ಮನೆಗೆ ಬಂದಾಗ ಇಲ್ಲೇ ಒಂದು ಸಾಲು ಬರೆಯಿರಿ. ಲ್ಯಾಬ್ ಕೆಲಸ ಹೇಗಿರುತ್ತದೆ ಎಂದು ಕೂತು ಮಾತಾಡೋಣ.