ಜಾಣ ಮಗಳಿಗೆ ವರ್ಕ್‌ಶಾಪ್ ಯಾಕೆ?

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ. ಒಂಬತ್ತನೇ ತರಗತಿಯ ನಿಮ್ಮ ಮಗಳು ಗಣಿತ, ವಿಜ್ಞಾನ ಎರಡರಲ್ಲೂ ಮುಂದಿದ್ದಾಳೆ. ಶಾಲೆಯಲ್ಲಿ ಹೊಸದಾಗಿ ಶುರುವಾದ ವೃತ್ತಿಕೌಶಲದ ತರಗತಿಗೆ, ಅದರಲ್ಲೂ ಎಲೆಕ್ಟ್ರಿಕಲ್ ವಿಭಾಗಕ್ಕೆ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ‘ಓದು ಹತ್ತದ ಮಕ್ಕಳಿಗೆಂದು ಇರುವ ತರಗತಿ ಅದು, ಇವಳಿಗೇಕೆ? ಹದಿನಾಲ್ಕಕ್ಕೇ ಒಂದು ಕಸುಬಿಗೆ ಕಟ್ಟಿಹಾಕಿದರೆ ಮುಂದಿನ ದಾರಿಗಳು ಮುಚ್ಚಿಹೋಗುವುದಿಲ್ಲವೇ? ಮೇಲಾಗಿ ಕರೆಂಟಿನ ಕೆಲಸ, ಅವಳ ತಾಯಿಗೆ ಭಯ’ ಎಂದು ಬರೆದಿದ್ದೀರಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸೇರಿಸಿ. ಆದರೆ ದಾರಿ ಮುಚ್ಚಿಹೋಗುವ ನಿಮ್ಮ ಆತಂಕ ಹುರುಳಿಲ್ಲದ್ದಲ್ಲ. ಬೇರೆ ಬೇರೆ ದೇಶಗಳಲ್ಲಿ ಹಾಗೆ ಆದದ್ದುಂಟು. ಆದ್ದರಿಂದ ಉತ್ತರ ತುಸು ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಇಂಥ ತರಗತಿಯಲ್ಲಿ ಕಲಿಯುವುದು ಏನನ್ನು? ಸ್ವಿಚ್ ಬೋರ್ಡಿಗೆ ವೈರ್ ಜೋಡಿಸುವ ಸಣ್ಣ ಕೆಲಸವನ್ನೇ ತೆಗೆದುಕೊಳ್ಳಿ. ವೈರಿನ ತುದಿಯ ಇನ್ಸುಲೇಷನ್ನನ್ನು ಎಷ್ಟು ಬೇಕೋ ಅಷ್ಟೇ ಸುಲಿಯಬೇಕು. ಒಳಗಿನ ತಾಮ್ರದ ಎಳೆಗಳಲ್ಲಿ ಒಂದೂ ಕಡಿಯಬಾರದು. ಎಳೆಗಳನ್ನು ಹುರಿಮಾಡಿ, ಟರ್ಮಿನಲ್ಲಿನೊಳಗೆ ಪೂರ್ತಿ ಕೂರಿಸಿ, ಸ್ಕ್ರೂ ಬಿಗಿದು, ಕೊನೆಗೆ ಒಮ್ಮೆ ಜಗ್ಗಿ ನೋಡಬೇಕು. ಬಿಗಿ ಸಾಲದಿದ್ದರೂ ಬಲ್ಬ್ ಉರಿಯುತ್ತದೆ, ಎಲ್ಲ ಸರಿಯಾಗಿದೆ ಎಂದೇ ಕಾಣುತ್ತದೆ. ಆದರೆ ಆ ಸಡಿಲ ಜಾಗದಲ್ಲಿ ಅರ್ಧ ಓಮ್‌ನಷ್ಟು ರೋಧ ಉಳಿದಿದೆ ಎನ್ನಿ. ಹೀಟರಿನಂಥದ್ದನ್ನು ಹಚ್ಚಿ 10 ಆಂಪಿಯರ್ ಹರಿಸಿದೊಡನೆ ಲೆಕ್ಕ ಬದಲಾಗುತ್ತದೆ. ಹುಟ್ಟುವ ಶಾಖ ಎಂದರೆ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು: ಹತ್ತರ ವರ್ಗ ನೂರು, ಅದರ ಅರ್ಧ 50 ವ್ಯಾಟ್. ಒಂದು ಸೋಲ್ಡರಿಂಗ್ ಐರನ್ನಿನ ಶಾಖ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಒಂದು ಸ್ಕ್ರೂವಿನ ಬುಡದಲ್ಲಿ! ವಿದ್ಯುತ್ತಿನ ಶಾಖೋತ್ಪನ್ನ ಪರಿಣಾಮದ ಸೂತ್ರವನ್ನು ಉರುಹೊಡೆದು ಪರೀಕ್ಷೆ ಪಾಸಾದವರಿಗೆ ಲೆಕ್ಕವಿಲ್ಲ. ಆ ಸೂತ್ರ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಯಾಗಿ ಮೂಗಿಗೆ ಬಡಿದದ್ದು ಎಷ್ಟು ಜನಕ್ಕೆ? ನಿಮ್ಮ ಮಗಳಿಗೆ ಗಣಿತ ಇಷ್ಟ ಎಂದಿರಿ. ಹಾಗಿದ್ದರೆ ಈ ತರಗತಿ ಅವಳಿಗೆ ಬೇರೆಯವರಿಗಿಂತ ಹೆಚ್ಚು ದಕ್ಕುತ್ತದೆ.

ಲೋಹದ ತುಂಡುಗಳನ್ನು ಅಳತೆಗೆ ತಕ್ಕಂತೆ ರೂಪಿಸುವ ಫಿಟ್ಟಿಂಗ್ ವಿಭಾಗದ ಮೊದಲ ಪಾಠ ನನಗೆ ಇನ್ನೂ ಪ್ರಿಯವಾದದ್ದು. ಕಬ್ಬಿಣದ ಒಂದು ತುಂಡನ್ನು ಬೆಂಚ್ ವೈಸ್ ಎಂಬ ಮೇಜಿನ ಇಕ್ಕಳಕ್ಕೆ ಕಚ್ಚಿಸಿ, ಅರದಿಂದ ಉಜ್ಜಿ ಅಂಚನ್ನು ನೇರ ಮಾಡಬೇಕು, ಅಷ್ಟೇ. ಹೊಸಬರ ಕೈ ತೂಗುತ್ತದೆ. ಅಂಚಿನ ಎರಡೂ ತುದಿ ಹೆಚ್ಚು ಸವೆದು ನಡು ಉಬ್ಬಿ ನಿಲ್ಲುತ್ತದೆ. ಬರಿಗಣ್ಣಿಗೆ ಅದು ನೇರವಾಗಿಯೇ ಇರುತ್ತದೆ. ಲಂಬಕೋನ ನೋಡುವ ಟ್ರೈ ಸ್ಕ್ವೇರನ್ನು ಅಂಚಿಗೆ ಒತ್ತಿಹಿಡಿದು ಕಿಟಕಿಯ ಕಡೆ ಎತ್ತಿ ನೋಡಿದರೆ ಎರಡೂ ಬದಿಯಲ್ಲಿ ಬೆಳಕಿನ ಸಣ್ಣ ಗೆರೆ ಕಾಣುತ್ತದೆ. ಶಾಲೆಯ ಭೌತಶಾಸ್ತ್ರದ ಲ್ಯಾಬಿನ ವರ್ನಿಯರ್ ಎಂಬ ಅಳತೆಯ ಸಾಧನ ಸಾಮಾನ್ಯವಾಗಿ 0.1 ಮಿಲಿಮೀಟರಿನವರೆಗೆ ಅಳೆಯುತ್ತದೆ. ವರ್ಕ್‌ಶಾಪಿನದು 0.02ರವರೆಗೆ ಹೋಗುತ್ತದೆ. ಇಲ್ಲಿ ಕೃಪಾಂಕ ಇಲ್ಲ, ಮೇಷ್ಟ್ರಿಗೆ ಇವಳು ಅಚ್ಚುಮೆಚ್ಚು ಎಂಬ ಮಾತಿಲ್ಲ. ತನ್ನ ಕೆಲಸ ಸರಿಯೋ ತಪ್ಪೋ ಎಂಬುದನ್ನು ಮಗು ತಾನೇ ಕಂಡುಕೊಂಡು ಮತ್ತೆ ಅರ ಎತ್ತಿಕೊಳ್ಳುತ್ತದೆ. ವರ್ಷವಿಡೀ ಇನ್ನೊಬ್ಬರು ಹಾಕುವ ಅಂಕಕ್ಕಾಗಿ ಕಾಯುವ ವಯಸ್ಸಿನಲ್ಲಿ ಇದು ಸಣ್ಣ ಅನುಭವ ಅಲ್ಲ.

ಇನ್ನು ‘ಓದು ಹತ್ತದವರಿಗೆ’ ಎಂಬ ಮಾತು. ಶಾಲೆಯೊಳಕ್ಕೆ ಕೈಕೆಲಸವನ್ನು ತಂದವರ ಮನಸ್ಸಿನಲ್ಲಿ ಅದು ಇರಲೇ ಇಲ್ಲ. ಫಿನ್ಲೆಂಡಿನಲ್ಲಿ ಊನೊ ಸಿಗ್ನೇಯಸ್ ಅವರ ಪ್ರಯತ್ನದಿಂದ 1866ರಲ್ಲೇ ಕರಕೌಶಲ ಜನಸಾಮಾನ್ಯರ ಶಾಲೆಯ ಪಠ್ಯದ ಭಾಗವಾಯಿತು. ಮಕ್ಕಳೆಲ್ಲ ಬಡಗಿಗಳಾಗಲಿ ಎಂಬುದು ಅವರ ಉದ್ದೇಶವಾಗಿರಲಿಲ್ಲ. ಕೈ, ಕಣ್ಣು, ಬುದ್ಧಿ ಒಟ್ಟಿಗೆ ಬೆಳೆಯಲಿ ಎಂಬುದಾಗಿತ್ತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಪ್ರೌಢಶಾಲೆಯ ಮಟ್ಟದಲ್ಲಿ ಕೈಕೆಲಸ ಕಲಿಸುವ ಶಾಲೆ 1880ರಲ್ಲಿ ತೆರೆದಾಗ ಅದರ ಹಿಂದಿದ್ದವರು ಕ್ಯಾಲ್ವಿನ್ ವುಡ್ವರ್ಡ್, ಗಣಿತದ ಪ್ರಾಧ್ಯಾಪಕರು. ಯಂತ್ರಶಾಸ್ತ್ರದ ಪಾಠಕ್ಕೆ ಮರದ ಮಾದರಿ ಮಾಡಿಕೊಂಡು ಬನ್ನಿ ಎಂದರೆ ತಮ್ಮ ವಿದ್ಯಾರ್ಥಿಗಳಿಗೆ ಉಪಕರಣ ಹಿಡಿಯಲೂ ಬರುವುದಿಲ್ಲ ಎಂಬುದನ್ನು ಕಂಡು ಅವರು ಈ ಕೆಲಸಕ್ಕೆ ಇಳಿದವರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಶಿಕ್ಷಣದ ಯೋಜನೆಯೂ ಕಸುಬನ್ನು ಎಲ್ಲ ಮಕ್ಕಳ ಕಲಿಕೆಯ ನಡುಮಧ್ಯಕ್ಕೇ ತಂದಿತ್ತು.

ಹಾಗಾದರೆ ಕೆಟ್ಟದ್ದೆಲ್ಲಿ? ಕೈಕೆಲಸ ಒಂದು ಗುಂಪಿನ ಮಕ್ಕಳಿಗೆ ಮಾತ್ರ ಮೀಸಲಾದಾಗ. ಅಮೆರಿಕದಲ್ಲಿ 1917ರ ಸ್ಮಿತ್-ಹ್ಯೂಸ್ ಕಾಯ್ದೆ ವೃತ್ತಿಶಿಕ್ಷಣಕ್ಕೆ ಕೇಂದ್ರ ಸರ್ಕಾರದ ಹಣ ಒದಗಿಸಿತು. ಅದರ ಜೊತೆಗೇ ಓದಿನ ದಾರಿ ಬೇರೆ, ಕಸುಬಿನ ದಾರಿ ಬೇರೆ ಎಂಬ ಗೋಡೆಯೂ ಗಟ್ಟಿಯಾಯಿತು. ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಇಂಥ ಇಬ್ಭಾಗವನ್ನು ಕಾಯ್ದೆ ಬರುವ ಮುಂಚೆಯೇ ವಿರೋಧಿಸಿದ್ದರು. ಅವರ ಭಯ ನಿಜವಾಯಿತು. ಬಡವರ ಮಕ್ಕಳನ್ನು, ವಲಸೆ ಬಂದವರ ಮಕ್ಕಳನ್ನು, ಕಪ್ಪುಜನರ ಮಕ್ಕಳನ್ನು ‘ನಿಮಗೆ ಇದೇ ಸಾಕು’ ಎಂದು ದಶಕಗಳ ಕಾಲ ಆ ಕಡೆ ದೂಡಲಾಯಿತು. ಜರ್ಮನಿಯ ವೃತ್ತಿತರಬೇತಿಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದ್ದೇ. ಆದರೆ ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿಯುತ್ತಲೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚುವ ಪದ್ಧತಿಯನ್ನು ನನ್ನಿಂದ ಒಪ್ಪಲಾಗದು. ಹತ್ತು ವರ್ಷದ ಮಗುವಿನ ಬಗ್ಗೆ ಯಾರಿಗೆ ಏನು ಗೊತ್ತಿರುತ್ತದೆ?

ಸ್ವಿಟ್ಜರ್ಲೆಂಡ್ ಈ ಗಂಟನ್ನು ಇನ್ನೊಂದು ರೀತಿ ಬಿಡಿಸಿಕೊಂಡಿತು. ಅಲ್ಲಿ ಕಡ್ಡಾಯ ಶಿಕ್ಷಣ ಮುಗಿಸಿದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೃತ್ತಿತರಬೇತಿಗೇ ಹೋಗುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ವಾರದ ಮೂರು ನಾಲ್ಕು ದಿನ ಕಂಪನಿಯಲ್ಲಿ ಕೆಲಸ, ಉಳಿದ ದಿನ ಶಾಲೆ. 1990ರ ದಶಕದಲ್ಲಿ ಅವರು ವೃತ್ತಿ ಬ್ಯಾಕಲರಿಯೇಟ್ ಎಂಬ ಪರೀಕ್ಷೆಯನ್ನು ತಂದರು. ಎಲೆಕ್ಟ್ರಿಷಿಯನ್ ಆಗಿ ತರಬೇತಿ ಪಡೆದವರು ಅದನ್ನು ಪಾಸುಮಾಡಿ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋಗಬಹುದು. ಇನ್ನೊಂದು ಹೆಚ್ಚುವರಿ ಪರೀಕ್ಷೆ ಬರೆದರೆ ಸಾಮಾನ್ಯ ವಿಶ್ವವಿದ್ಯಾಲಯಕ್ಕೂ ಹೋಗಬಹುದು. ಮೇಲೇರುವ ದಾರಿ ಕಣ್ಣೆದುರೇ ಇರುವುದರಿಂದ ತಂದೆತಾಯಿಯರು ಅಂಜುವುದಿಲ್ಲ.

ಇದರಿಂದ ಬದುಕಿಗೆ ಲಾಭವಿದೆಯೇ ಎಂದು ಅಳೆದು ನೋಡಿದ ಅಧ್ಯಯನಗಳಿವೆ. ಅಮೆರಿಕದ ‘ಕರಿಯರ್ ಅಕಾಡೆಮಿ’ಗಳಲ್ಲಿ ಸಾಮಾನ್ಯ ಪಾಠದ ಜೊತೆಗೆ ಒಂದು ವೃತ್ತಿಕ್ಷೇತ್ರದ ಪಾಠ, ಕೆಲಸದ ಜಾಗದ ಅನುಭವ ಎರಡೂ ಇರುತ್ತವೆ. ಅರ್ಜಿ ಹಾಕಿದವರಲ್ಲಿ ಲಾಟರಿಯಿಂದ ಆಯ್ಕೆಯಾದವರನ್ನೂ ಆಗದವರನ್ನೂ ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ವರ್ಷಗಟ್ಟಲೆ ಹಿಂಬಾಲಿಸಿ 2008ರಲ್ಲಿ ವರದಿ ಕೊಟ್ಟಿತು. ಪ್ರೌಢಶಾಲೆ ಮುಗಿದ ನಂತರದ ಎಂಟು ವರ್ಷಗಳಲ್ಲಿ ಆಯ್ಕೆಯಾದವರ ವಾರ್ಷಿಕ ಗಳಿಕೆ ಸರಾಸರಿ ಶೇ 11ರಷ್ಟು ಹೆಚ್ಚಿತ್ತು. ಮುಂದಿನ ಓದಿನಲ್ಲಿ ಅವರು ಹಿಂದೆ ಬಿದ್ದಿರಲಿಲ್ಲ. ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಎರಿಕ್ ಹನುಶೆಕ್ ಮತ್ತು ಸಂಗಡಿಗರು ಹಲವು ದೇಶಗಳ ಅಂಕಿಅಂಶ ಇಟ್ಟುಕೊಂಡು 2017ರಲ್ಲಿ ತೋರಿಸಿದಂತೆ, ಬರೀ ಕಸುಬಿನ ಶಿಕ್ಷಣ ಪಡೆದವರಿಗೆ ಚಿಕ್ಕ ವಯಸ್ಸಿನಲ್ಲಿ ಕೆಲಸ ಬೇಗ ಸಿಗುತ್ತದೆ, ಆದರೆ ವಯಸ್ಸಾದಂತೆ ಆ ಅನುಕೂಲ ಕರಗುತ್ತದೆ. ತಂತ್ರಜ್ಞಾನ ಬದಲಾದಾಗ ಹೊಸದನ್ನು ಕಲಿಯಲು ಬೇಕಾದ ಬುನಾದಿ ಅವರಲ್ಲಿ ತೆಳುವಾಗಿರುತ್ತದೆ ಎಂಬುದು ಅವರ ವಾದ. ಎಂದರೆ ಗಣಿತ, ಭಾಷೆ, ವಿಜ್ಞಾನವನ್ನು ಕಡಿಮೆ ಮಾಡಿ ಆ ಜಾಗದಲ್ಲಿ ಕಸುಬನ್ನು ತುಂಬಿದರೆ ಮಗುವಿಗೆ ಅನ್ಯಾಯ. ನಿಮ್ಮ ಮಗಳ ಶಾಲೆಯಲ್ಲಿ ಇದು ವಾರಕ್ಕೆ ಎರಡು ಪೀರಿಯಡ್, ಬೇರೆ ಯಾವ ವಿಷಯವನ್ನೂ ಬಿಡಬೇಕಾಗಿಲ್ಲ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಯಾವ ದಾರಿಯೂ ಮುಚ್ಚುವುದಿಲ್ಲ. ಒಂದು ವರ್ಷದ ಕೊನೆಗೆ ‘ಇದು ನನ್ನ ಕೈಲಾಗುವುದಲ್ಲ’ ಎಂದು ಅವಳು ಹೇಳಿದರೂ ನಷ್ಟವಿಲ್ಲ. ಕಾಲೇಜು ಮುಗಿದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗುವುದು ಲೇಸು.

ನನಗೆ ನಿಜವಾಗಿ ಚಿಂತೆ ಇರುವುದು ಬೇರೆಯದರ ಬಗ್ಗೆ. ಬಹಳ ಕಡೆ ಕೌಶಲದ ತರಗತಿ ಎಂದರೆ ಉಪಕರಣಗಳ ಚಿತ್ರ ಬರೆಯುವ ರೆಕಾರ್ಡ್ ಪುಸ್ತಕ. ಅರದ ವಿಧಗಳನ್ನು ಬರೆಯಿರಿ, ಸ್ಕ್ರೂಡ್ರೈವರಿನ ಭಾಗಗಳನ್ನು ಗುರುತಿಸಿ, ಮುಗಿಯಿತು. ಉಪಕರಣಗಳು ಬೀರುವಿನಲ್ಲಿ ಬೀಗದೊಳಗೆ ಇರುತ್ತವೆ. ಇದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಮಕ್ಕಳು ಆಸೆಯಿಂದ ಬಂದಿರುತ್ತಾರೆ. ಆದ್ದರಿಂದ ಸೇರಿಸುವ ಮೊದಲು ಶಾಲೆಗೆ ಒಮ್ಮೆ ಹೋಗಿ ಬನ್ನಿ. ಕಲಿಸುವವರು ಆ ಕೆಲಸವನ್ನು ಸ್ವತಃ ಮಾಡಿದವರೇ ಎಂದು ಕೇಳಿ. ಒಂದು ಉಪಕರಣಕ್ಕೆ ಎಷ್ಟು ಮಕ್ಕಳು ಎಂದು ನೋಡಿ; ಹತ್ತು ಮಂದಿ ನಿಂತು ಒಬ್ಬರು ಮಾಡುವುದನ್ನು ನೋಡುವಂತಿದ್ದರೆ ಅದು ಪ್ರದರ್ಶನವಾಯಿತು. ಅಂಕ ಕೊಡುವುದು ಬರೆದ ಉತ್ತರಕ್ಕೋ ಮಾಡಿದ ವಸ್ತುವಿಗೋ ಎಂಬುದನ್ನೂ ವಿಚಾರಿಸಿ. ಇಲ್ಲಿಯವರೆಗೆ ಮಕ್ಕಳು ಮಾಡಿದ ಒಂದು ಬೋರ್ಡನ್ನು ತೋರಿಸಿ ಎಂದರೆ ತೋರಿಸಲು ಏನಾದರೂ ಇರಬೇಕು.

ಕೊನೆಯದಾಗಿ ತಾಯಿಯ ಭಯ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಶಾಲೆಯೂ ತೆಗೆದುಕೊಳ್ಳಬಾರದು. ಹುಡುಗಿ ಎಂಬ ಕಾರಣಕ್ಕೆ ಹೆಚ್ಚಿನ ಭಯ ಬೇಡ, ಅಪಾಯ ಹುಡುಗರಿಗೂ ಅಷ್ಟೇ. ವೈರಿಂಗ್ ಕಲಿಯುವ ಬೋರ್ಡುಗಳಿಗೆ ಕಲಿಕೆಯ ಹೊತ್ತಿನಲ್ಲಿ ಮೇನ್ಸ್ ಸಂಪರ್ಕ ಇರಬಾರದು. ಪರೀಕ್ಷಿಸುವಾಗ ಮಾತ್ರ, ಶಿಕ್ಷಕರು ಪಕ್ಕದಲ್ಲಿ ನಿಂತು ಕೊಡಬೇಕು. ಆ ಕೋಣೆಯ ಲೈನಿಗೆ 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುವ ಬ್ರೇಕರ್ ಹಾಕಿರಬೇಕು, ಅದರ ಟೆಸ್ಟ್ ಬಟನ್ ಒತ್ತಿ ತೋರಿಸಿ ಎಂದು ಧೈರ್ಯವಾಗಿ ಕೇಳಿ. ಸ್ವಿಚ್ ಆಫ್ ಮಾಡಿದ ಮೇಲೂ ಟೆಸ್ಟರ್ ಇಟ್ಟು ನೋಡದೆ ವೈರ್ ಮುಟ್ಟಬಾರದೆಂಬ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಸುತ್ತಾರೆಯೇ ನೋಡಿ. ಡ್ರಿಲ್ಲಿಂಗ್ ಮೆಷೀನ್ ಇದ್ದರೆ ಕಣ್ಣಿಗೆ ಕನ್ನಡಕ ಬೇಕು, ಕೂದಲು ಬಿಗಿಯಾಗಿ ಕಟ್ಟಿರಬೇಕು, ದುಪಟ್ಟಾ, ಬಳೆ ತೆಗೆದಿಟ್ಟಿರಬೇಕು. ಕೈಗವಸು ಮಾತ್ರ ಅಲ್ಲಿ ಬೇಡವೇ ಬೇಡ. ತಿರುಗುವ ಬಿಟ್ ಅದನ್ನು ಬೆರಳಿನ ಸಮೇತ ಎಳೆದುಕೊಳ್ಳುತ್ತದೆ. ಇಷ್ಟೂ ಇದ್ದರೆ ಇವತ್ತೇ ಫಾರಂಗೆ ಸಹಿ ಹಾಕಿ. ಯಾವುದಾದರೂ ಕಡಿಮೆಯಾಗಿದ್ದರೆ ಮಗಳನ್ನು ತಡೆಯುವ ಬದಲು ಮುಖ್ಯೋಪಾಧ್ಯಾಯರ ಬಳಿ ಹೋಗಿ ಮಾತಾಡಿ, ಬೇರೆ ಪೋಷಕರನ್ನೂ ಕರೆದುಕೊಂಡು ಹೋಗಿ. ಅಲ್ಲಿ ಏನಾಯಿತೆಂದು ನಮಗೂ ಬರೆದು ತಿಳಿಸಿ.

ವಿಶ್ವಾಸದಿಂದ,
ಸಂಪಾದಕ