ಕಂದು ಹಾಕಿದ ದನವನ್ನು ಮಾರಿದರೆ ರೋಗ ಹೋದೀತೇ?

ಪ್ರಶ್ನೆ: ನಮ್ಮ ಹಟ್ಟಿಯಲ್ಲಿ ಒಂಬತ್ತು ದನಗಳಿವೆ. ಕಳೆದ ವರ್ಷ ಘಟ್ಟದ ಮೇಲಿಂದ ಗಬ್ಬದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ದನವೊಂದನ್ನು ತಂದೆವು. ಅದು ಏಳನೇ ತಿಂಗಳಲ್ಲಿ ಕಂದು ಹಾಕಿತು (ಗರ್ಭ ಹೋಯಿತು), ಕಸವೂ (ಮಾಸು) ಬೀಳಲಿಲ್ಲ. ನಾಲ್ಕು ತಿಂಗಳ ಬಳಿಕ ನಮ್ಮಲ್ಲೇ ಹುಟ್ಟಿ ಬೆಳೆದ ಜೆರ್ಸಿಗೂ ಹಾಗೇ ಆಯಿತು. ಅತ್ತೆಯವರು ಜೋಯಿಸರಲ್ಲಿ ಪ್ರಶ್ನೆ ಇಡಿಸೋಣ ಎನ್ನುತ್ತಾರೆ. ಡೈರಿಯಲ್ಲಿ ಸಿಕ್ಕವರು ಎರಡನ್ನೂ ಮಾರಿಬಿಡಿ ಎನ್ನುತ್ತಾರೆ. ಇವುಗಳ ಹಾಲು ಕುಡಿಯಬಹುದೇ?
– ಓದುಗರೊಬ್ಬರು, ಕಾರ್ಕಳ ತಾಲೂಕು

ಉತ್ತರ: ಈಗ ಮಾರಬೇಡಿ. ಕಳೆದ ವರ್ಷ ನಿಮಗೆ ಆ ದನವನ್ನು ಮಾರಿದವರಿಗೂ ಯಾರೋ ಇದೇ ಬುದ್ಧಿ ಹೇಳಿರಬಹುದು. ಈ ರೋಗ ಊರಿಂದೂರಿಗೆ ಸಾಗುವುದೇ ಹೀಗೆ. ಪ್ರಶ್ನೆ ಇಡಿಸುವುದು ನಿಮ್ಮ ಮನೆಯ ವಿಚಾರ, ಆದರೆ ಅದಕ್ಕೂ ಮೊದಲು ರಕ್ತ ಪರೀಕ್ಷೆ ಆಗಲಿ.

ನೀವು ಹೇಳಿದ ಲಕ್ಷಣಗಳು ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗದ ಕಡೆಗೆ ಬೆರಳು ತೋರಿಸುತ್ತವೆ. ಐದು ತಿಂಗಳು ದಾಟಿದ ಮೇಲೆ ಕಂದು ಹಾಕುವುದು, ಕಸ ಉಳಿಯುವುದು, ಹೊಸ ದನ ಬಂದ ಮೇಲೆ ಹಳೆಯದಕ್ಕೂ ತಗಲುವುದು, ಎಲ್ಲವೂ ಹೊಂದುತ್ತವೆ. ಹಾಗೆಂದು ಈಗಲೇ ತೀರ್ಮಾನ ಮಾಡಲಾಗದು. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಮನುಷ್ಯರನ್ನು ಕಾಡುವ ಇಲಿಜ್ವರ ದನಗಳಿಗೂ ಬರುತ್ತದೆ, ಅದರಿಂದಲೂ ಗರ್ಭ ಹೋಗುತ್ತದೆ. ತಾಲೂಕು ಪಶು ಆಸ್ಪತ್ರೆಯವರಿಗೆ ತಿಳಿಸಿ, ಒಂಬತ್ತೂ ದನಗಳ ರಕ್ತ ತೆಗೆಸಿ. ಎರಡರದ್ದು ಮಾತ್ರ ತೆಗೆಸಿ ಸುಮ್ಮನಾಗುವುದು ನಾನು ಮತ್ತೆ ಮತ್ತೆ ನೋಡುವ ತಪ್ಪು. ಕಂದು ಹಾಕಿದ ಹೊಸದರಲ್ಲಿ ಪರೀಕ್ಷೆಯಲ್ಲಿ ರೋಗ ಕಾಣದೇ ಇರಬಹುದು, ಮೂರು ವಾರದ ಮೇಲೆ ಇನ್ನೊಮ್ಮೆ ನೋಡಬೇಕು.

ಕಂದು ರೋಗವೇ ಎಂದಾದರೆ ದನಕ್ಕೆ ಗುಣವಾಗುವ ಚಿಕಿತ್ಸೆಯಿಲ್ಲ. ಮೋಸ ಹೋಗುವುದು ಮುಂದಿನ ಗಬ್ಬದಲ್ಲಿ. ಸಾಮಾನ್ಯವಾಗಿ ಆಗ ದಿನ ತುಂಬಿಯೇ ಕರು ಹಾಕುತ್ತದೆ, ಮನೆಯವರು ಎಲ್ಲ ಸರಿಹೋಯಿತು ಎಂದುಕೊಳ್ಳುತ್ತಾರೆ. ಆದರೆ ಕರು ಹಾಕಿದಾಗಿನ ಸ್ರಾವದಲ್ಲಿ, ಕಸದಲ್ಲಿ, ಹಾಲಿನಲ್ಲಿ ಬ್ಯಾಕ್ಟೀರಿಯಾ ಹೋಗುತ್ತಲೇ ಇರುತ್ತದೆ. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ರಕ್ತ ಪರೀಕ್ಷೆ ಮಾಡಿ ರೋಗವಿದ್ದ ದನಗಳನ್ನು ಕೊಂದು ಹಾಕಿದರು. 1989ರ ಹೊತ್ತಿಗೆ ಅಲ್ಲಿ ರೋಗ ಮುಗಿಯಿತು. ಹೆಸರಿಟ್ಟು ಸಾಕಿದ ನಾಲ್ಕಾರು ದನಗಳಿರುವ ನಮ್ಮ ಮನೆಗಳಲ್ಲಿ ಅದು ನಡೆಯುವ ಮಾತಲ್ಲ. ಹಾಗಾಗಿ ನಮಗಿರುವುದು ನಿಧಾನದ ದಾರಿ: ರೋಗದ ದನವನ್ನು ಬೇರೆ ಕಟ್ಟಿ ಸಾಕುವುದು, ಎಳೆಯ ಕರುಗಳನ್ನು ಕಾಪಾಡುವುದು. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ ಜೀವಮಾನಕ್ಕೆ ಒಂದೇ ಸಲ ಲಸಿಕೆ. ಅದು ಜೀವಂತ ಲಸಿಕೆಯಾದ್ದರಿಂದ ಗಬ್ಬದ ದನಕ್ಕೂ ಗಂಡು ಕರುವಿಗೂ ಹಾಕುವಂತಿಲ್ಲ. ಇಂದಿನ ಕರು ಕಡಸಾಗಿ ಗಬ್ಬ ಕಟ್ಟುವ ಹೊತ್ತಿಗೆ ಹಟ್ಟಿಯ ಹಣೆಬರಹ ಬದಲಾಗುತ್ತದೆ.

ಹಟ್ಟಿಗೆ ಸೊಪ್ಪು ಹಾಸುವ ನಮ್ಮ ಪದ್ಧತಿಯ ಬಗ್ಗೆ ಒಂದು ಮಾತು. ಬಿಸಿಲಿಗೆ ಬೇಗ ಸಾಯುವ ಈ ಬ್ಯಾಕ್ಟೀರಿಯಾ ತೇವದ ನೆರಳಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕುತ್ತದೆ. ಆಟಿ ತಿಂಗಳ ಜಡಿಮಳೆಯಲ್ಲಿ ಒದ್ದೆ ಸೊಪ್ಪಿಗಿಂತ ಒಳ್ಳೆಯ ಜಾಗ ಅದಕ್ಕೆ ಇನ್ನೆಲ್ಲಿ? ಕಂದು ಬಿದ್ದ ಜಾಗದ ಸೊಪ್ಪನ್ನು ಗೊಬ್ಬರದ ಗುಂಡಿಗೆ ಎಳೆಯಬೇಡಿ. ಸೊಪ್ಪು, ಕಂದು, ಕಸ ಮೂರನ್ನೂ ಬಾವಿಯಿಂದ ದೂರ, ನಾಯಿ ಕೆದಕಲಾಗದಷ್ಟು ಆಳದಲ್ಲಿ ಸುಣ್ಣ ಹಾಕಿ ಹೂಳಿ. ಕಸವನ್ನು ಹುಲ್ಲಿನಲ್ಲಿ ಸುತ್ತಿ ಹಾಲಿನಂಥ ಸೊನೆ ಸುರಿಯುವ ಮರಕ್ಕೆ ಕಟ್ಟುವ ರೂಢಿ ಕೆಲವು ಮನೆಗಳಲ್ಲಿದೆ. ನಂಬಿಕೆಯ ಮೇಲೆ ನನಗೆ ಜಗಳವಿಲ್ಲ, ಆದರೆ ಅದನ್ನು ಕಾಗೆ, ನಾಯಿಗಳು ಊರಿಗೆಲ್ಲ ಹಂಚುತ್ತವೆ.

ಬರಿಗೈಯಲ್ಲಿ ಕಸ ಎಳೆಯಬೇಡಿ, ಗ್ಲೌಸ್ ಬೇಕೇ ಬೇಕು. ಇದು ಮನುಷ್ಯರಿಗೂ ಬರುವ ರೋಗ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಗಂಟುನೋವು ಮನೆಯಲ್ಲಿ ಯಾರಿಗಾದರೂ ಇದ್ದರೆ, ಹಟ್ಟಿಯಲ್ಲಿ ದನ ಕಂದು ಹಾಕಿದ್ದನ್ನು ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಅವರಿಗೆ ಹೊಳೆಯದೇ ಹೋಗಬಹುದು.

ಹಾಲು ಚೆನ್ನಾಗಿ ಕುದಿದರೆ ಭಯವಿಲ್ಲ. ಭಯ ನೊರೆಹಾಲಿನದ್ದು. ನಾಗರಪಂಚಮಿಗೆ ನಾಗನಿಗೆ ತನು ಎರೆಯಲು ನೆರೆಯವರು ಹಸಿಹಾಲು ಕೇಳಿಕೊಂಡು ಬರುತ್ತಾರಲ್ಲ, ಫಲಿತಾಂಶ ಗೊತ್ತಾಗುವವರೆಗೆ ಇವೆರಡರ ಹಾಲು ಕೊಡಬೇಡಿ. ಪಂಚಾಮೃತವಾಗಿ ಮಕ್ಕಳ ಕೈಗೆ ಬರುವುದೂ ಹಸಿಹಾಲೇ. ಸೊಸೈಟಿಗೆ ಹಾಕುವ ವಿಷಯವನ್ನು ಪಶುವೈದ್ಯರೊಡನೆ ಮಾತಾಡಿ ನಿರ್ಧರಿಸಿ.

ಇನ್ನು ಮುಂದೆ ಹೊಸ ದನ ತಂದರೆ ಒಂದು ತಿಂಗಳು ಬೇರೆ ಕಟ್ಟಿ, ರಕ್ತ ಪರೀಕ್ಷೆಯಾದ ಮೇಲೆ ಹಟ್ಟಿಗೆ ಸೇರಿಸಿ.

ಪ್ರಶ್ನೆ: ಕಾಲುಬಾಯಿ ರೋಗದ ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತದೆ. ನಮ್ಮ ದನ ಹಟ್ಟಿಯಿಂದ ಹೊರಗೇ ಹೋಗುವುದಿಲ್ಲ. ಆದರೂ ಹಾಕಿಸಬೇಕೇ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ದನ ಹೊರಗೆ ಹೋಗುವುದಿಲ್ಲ, ಸರಿ. ಬೈಹುಲ್ಲಿನ ಲಾರಿ ಘಟ್ಟ ಇಳಿದು ನಿಮ್ಮ ಅಂಗಳಕ್ಕೇ ಬರುತ್ತದಲ್ಲ? ವೈರಸ್ ಹುಲ್ಲಿನಲ್ಲೂ ಬರುತ್ತದೆ, ಹಾಲಿನ ಕ್ಯಾನಿನಲ್ಲೂ, ಚಪ್ಪಲಿಯಲ್ಲೂ ಬರುತ್ತದೆ. ಲಸಿಕೆಯಿಂದ ಹಾಲು ಇಳಿದರೂ ಎರಡು ಮೂರು ದಿನ ಅಷ್ಟೆ. ರೋಗ ಬಂದರೆ ಆ ಸೂಲಿನ ಹಾಲೇ ಹೋದಂತೆ. ದೊಡ್ಡರೋಗ ಎನ್ನುತ್ತಿದ್ದ ರಿಂಡರ್‌ಪೆಸ್ಟ್ ಭಾರತದಲ್ಲಿ ಕೊನೆಯ ಸಲ ಕಂಡದ್ದು 1995ರಲ್ಲಿ, ಜಗತ್ತಿನಿಂದಲೇ ಹೋಯಿತೆಂದು ಸಾರಿದ್ದು 2011ರಲ್ಲಿ. ಅದರ ಲಸಿಕೆ ಒಮ್ಮೆ ಹಾಕಿಸಿದರೆ ವರ್ಷಗಟ್ಟಲೆ ಕಾಯುತ್ತಿತ್ತು. ಕಾಲುಬಾಯಿಯದ್ದು ಹಾಗಲ್ಲ, ಆರು ತಿಂಗಳಿಗೊಮ್ಮೆ ಹಾಕಿಸಲೇಬೇಕು, ಒಂದು ಸುತ್ತು ತಪ್ಪಿದರೂ ರಕ್ಷಣೆ ಇಳಿಯುತ್ತದೆ. ನಾಲ್ಕು ತಿಂಗಳು ದಾಟಿದ ಕರುವಿಗೂ ಹಾಕಿಸಿ, ಮೊದಲ ಸಲವಾದರೆ ಸುಮಾರು ಒಂದು ತಿಂಗಳಿಗೆ ಇನ್ನೊಂದು ಚುಚ್ಚುಮದ್ದು ಇದೆ. ಅದನ್ನೇ ಹೆಚ್ಚಿನವರು ಮರೆಯುತ್ತಾರೆ.