ಮಗನ ಶಾಲೆ ಮುಚ್ಚಬಹುದು ಅಂತಿದ್ದಾರೆ, ಈಗಲೇ ಬೇರೆ ಕಡೆ ಸೇರಿಸಲಾ?

ಕ್ಯಾಲಿಫೋರ್ನಿಯಾದಲ್ಲಿದ್ದೀರಿ, ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಡಿಸ್ಟ್ರಿಕ್ಟ್ ಹತ್ತಿರ ದುಡ್ಡಿಲ್ಲ, ಮಗನನ್ನು ಚಾರ್ಟರ್ ಶಾಲೆಗೆ (ಸರ್ಕಾರದ ದುಡ್ಡಲ್ಲೇ, ಆದರೆ ಬೇರೆಯವರು ನಡೆಸುವ ಶಾಲೆ) ಹಾಕಿಬಿಡಲಾ ಅಂತ ಕೇಳಿದ್ದೀರಿ. ನಾನು ಅದನ್ನೇ ಮಾಡಿದೆ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಮಗಳು ಆಗ ಎರಡನೇ ಕ್ಲಾಸು. ಮುಚ್ಚುವ ಪಟ್ಟಿಯಲ್ಲಿ ನಮ್ಮ ಶಾಲೆಯೂ ಇದೆ ಅಂತ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದರು. ಆ ಪಟ್ಟಿ ನೋಡಿದವರು ಒಬ್ಬರೂ ಇಲ್ಲ. ಅಷ್ಟರಲ್ಲಿ ಅವಳ ಟೀಚರಿಗೆ ಲೇಆಫ್ ನೋಟಿಸ್, ಅಂದರೆ ಮುಂದಿನ ವರ್ಷ ಕೆಲಸ ಇರಲಿಕ್ಕಿಲ್ಲ ಅನ್ನುವ ನೋಟಿಸ್ ಬಂತು. ಮಾರ್ಚ್ 15ರೊಳಗೆ ಇಂಥ ನೋಟಿಸ್ ಕೊಡಬೇಕು ಅಂತ ಇಲ್ಲಿ ಕಾನೂನಿದೆ, ಎಷ್ಟೋ ನೋಟಿಸ್ ಆಮೇಲೆ ವಾಪಸ್ಸಾಗುತ್ತವೆ. ಅವರದ್ದೂ ಆಯಿತು. ಆದರೆ ನಾವು ಹೆದರಿ ಆಗಲೇ ಚಾರ್ಟರ್ ಫಾರಂ ತುಂಬಿ ಕೊಟ್ಟಿದ್ದೆವು.

ನಾನು ಎಡವಿದ್ದು ಇಲ್ಲೇ. ಇಲ್ಲಿ ಹೆಚ್ಚಿನ ಡಿಸ್ಟ್ರಿಕ್ಟ್‌ಗಳಿಗೆ ರಾಜ್ಯ ಹಣ ಕೊಡುವುದು ಮಕ್ಕಳ ಸರಾಸರಿ ಹಾಜರಿ ನೋಡಿ. ಮಗು ಚಾರ್ಟರ್‌ಗೆ ಹೋದರೆ ಆ ಹಣವೂ ಹೋಗುತ್ತದೆ. ಖರ್ಚು ಮಾತ್ರ ಹೋಗುವುದಿಲ್ಲ. ಕ್ಲಾಸಿನಲ್ಲಿ 26 ಮಕ್ಕಳಿದ್ದರೂ 22 ಇದ್ದರೂ ಟೀಚರ್ ಒಬ್ಬರೇ, ಸಂಬಳ ಅಷ್ಟೇ. ನಮ್ಮದೊಂದು ಮಗು ಹೋದರೆ ಏನಾದೀತು ಅಂದುಕೊಂಡೆ. ಅದೇ ತಿಂಗಳು ಇನ್ನೂ ಹನ್ನೊಂದು ಮನೆಯವರು ಹಾಗೇ ಅಂದುಕೊಂಡಿದ್ದರು. ಅಕ್ಟೋಬರ್‌ನ ಮೊದಲ ಬುಧವಾರ ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು ಅಂತ ರಾಜ್ಯದ ಎಣಿಕೆ ನಡೆಯಿತು. ಡಿಸ್ಟ್ರಿಕ್ಟ್‌ನ ತೀರ್ಮಾನ ಮಾಡುವ ಬೋರ್ಡ್‌ನ ಜನವರಿ ಸಭೆಯಲ್ಲಿ, ಪರದೆ ಮೇಲೆ ನಮ್ಮ ಶಾಲೆಯ ಮಕ್ಕಳ ಸಂಖ್ಯೆಯ ಗೆರೆ ಬಂತು. ನಾಲ್ಕು ವರ್ಷ ಹೆಚ್ಚುಕಡಿಮೆ ಸಮ, ಕೊನೆಯಲ್ಲಿ ದಡಕ್ಕನೆ ಕೆಳಗೆ. ಆ ಇಳಿತದಲ್ಲಿ ನನ್ನ ಮಗಳೂ ಇದ್ದಳು. ಪಟ್ಟಿ ಅಂತ ಒಂದು ಬಂದಿದ್ದೇ ಅವತ್ತು.

ಹಾಗಾಗಿ ಯಾವ ಶಾಲೆಗೆ ಹಾಕಲಿ ಅನ್ನುವ ಪ್ರಶ್ನೆಯೇ ಈಗ ಬೇಡ. ಬೋರ್ಡ್ ವೋಟ್ ಹಾಕುವ ತನಕ ಹುಡುಗ ಅಲ್ಲೇ ಓದಲಿ. ಕೊರತೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೋವಿಡ್ ಕಾಲದ ಫೆಡರಲ್ ಹಣದ ಗಡುವು 2024ರ ಸೆಪ್ಟೆಂಬರಿಗೆ ಮುಗಿಯಿತು, ಹುಟ್ಟುವ ಮಕ್ಕಳೂ ಕಡಿಮೆ. ಆದರೆ ಮಾತೆತ್ತಿದ ಶಾಲೆಯೆಲ್ಲ ಮುಚ್ಚುವುದಿಲ್ಲ. ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನಲ್ಲಿ ಅದೇ ವರ್ಷ 21 ಶಾಲೆಗಳವರೆಗೆ ಮುಚ್ಚುವ ಮಾತಿತ್ತು, ಆಮೇಲೆ 4ಕ್ಕೆ ಇಳಿಯಿತು, ನವೆಂಬರ್‌ನಲ್ಲಿ ಅದನ್ನೂ ಕೈಬಿಟ್ಟರು.

ಬೋರ್ಡ್ ಸಭೆಗೆ ಹೋಗಿ. ಹೊಸ ಕಟ್ಟಡಕ್ಕೆ ದುಡ್ಡಿತ್ತಲ್ಲ ಅಂತ ಸುಮ್ನೆ ಜಗಳ ಬೇಡ, ಕಟ್ಟಡಕ್ಕೆ ಅಂತಲೇ ಸಾಲ ಎತ್ತಿದ ಬಾಂಡ್ ಹಣವನ್ನು ಟೀಚರ್ ಸಂಬಳಕ್ಕೆ ಮುಟ್ಟುವ ಹಾಗಿಲ್ಲ. ಸಭೆಯಲ್ಲಿ ಮಾತಾಡಲು ನನಗೆ ಸಿಕ್ಕಿದ್ದ ಎರಡು ನಿಮಿಷ ಆ ಮಾತಿಗೇ ಹೋಯಿತು. ಬದಲಿಗೆ, ಈ ಶಾಲೆ ಮುಚ್ಚಿದರೆ ನಿಜವಾಗಿ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಕೇಳಿ. ಬಜೆಟ್‌ನ ಬಹುಪಾಲು ಸಂಬಳ ಅಲ್ವಾ? ಟೀಚರ್‌ಗಳನ್ನು ಬೇರೆ ಶಾಲೆಗೆ ಕಳಿಸಿದರೆ ಆ ಖರ್ಚು ಅವರ ಜೊತೆಗೇ ಹೋಗುತ್ತದೆ. ಬಜೆಟ್ ಜೂನ್ ಮುಗಿಯುವುದರೊಳಗೆ ಪಾಸಾಗಬೇಕು, ಅದಕ್ಕೆ ಮೊದಲು ಎಷ್ಟು ಸಭೆ ಬಾಕಿ ಇವೆ ಅಂತ ಇವತ್ತೇ ನೋಡಿಕೊಳ್ಳಿ.